ಬೆನ್ನಿಗಂಟಿದ ನೀರು

ಬೆಟ್ಟದ ದಾರಿಯಲ್ಲಿ ಓಡುವವರು ತೊಡುವ ವೆಸ್ಟ್ ಹೆಸರಿಗೆ ಚೀಲವಾದರೂ ಹೊಲಿಗೆಯಲ್ಲಿ ಅಂಗಿಯ ಜಾತಿಯದು. ಶಾಲೆಯ ಚೀಲ ಹೆಗಲಿನಿಂದ ಜೋತುಬೀಳುತ್ತದೆ. ಚಾರಣದ ದೊಡ್ಡ ಚೀಲ ಸೊಂಟದ ಪಟ್ಟಿಯ ಮೇಲೆ ಭಾರ ಇಳಿಸುತ್ತದೆ. ವೆಸ್ಟ್ ಬೆನ್ನಿನ ಮೇಲ್ಭಾಗ, ಹೆಗಲು, ಎದೆ ಮೂರನ್ನೂ ಸುತ್ತಿ ಹಿಡಿದು, ಹೊತ್ತದ್ದನ್ನು ಅಷ್ಟಕ್ಕೂ ಹಂಚುತ್ತದೆ. ಖಾಲಿ ಇದ್ದಾಗ ಅದರ ತೂಕ ಸಾಮಾನ್ಯವಾಗಿ 150ರಿಂದ 350 ಗ್ರಾಂ. ಅಳತೆಯನ್ನು 2, 5, 8, 12 ಲೀಟರ್ ಎಂದು ಬರೆದಿರುತ್ತಾರೆ. ಈ ಲೀಟರು ಒಟ್ಟು ಜಾಗದ ಲೆಕ್ಕ. 5 ಲೀಟರಿನ ವೆಸ್ಟಿನಲ್ಲಿ ಒಂದೂವರೆ ಲೀಟರ್ ನೀರು ತುಂಬಿದರೆ ಉಳಿದದ್ದು ಜಾಕೆಟ್ಟಿಗೆ, ತಿಂಡಿಗೆ, ಮೊಬೈಲಿಗೆ. ಕೊಳ್ಳುವವರು ಮೊದಲು ಎಡವುವುದು ಈ ಅಂಕಿಯಲ್ಲೇ.

ಓಡುವವರು ನಿಮಿಷಕ್ಕೆ ಸುಮಾರು 170 ಹೆಜ್ಜೆ ಇಡುತ್ತಾರೆ. ಗಂಟೆಗೆ ಹತ್ತು ಸಾವಿರ. ಪ್ರತಿ ಹೆಜ್ಜೆಗೂ ಮೈ ಒಂದಿಷ್ಟು ಏರಿ ಇಳಿಯುತ್ತದೆ. ಸಡಿಲವಾಗಿ ಕೂತ ಭಾರ ಮೈಯ ಜೊತೆ ಏರದೆ, ಜೊತೆಗೆ ಇಳಿಯದೆ, ಪ್ರತಿ ಸಲವೂ ತಡವಾಗಿ ಬಂದು ಬೆನ್ನಿಗೆ ಬಡಿಯುತ್ತದೆ. ಅರ್ಧ ಕಿಲೋದ ಪೆಟ್ಟು ಒಂದು ಸಲಕ್ಕೆ ಲೆಕ್ಕಕ್ಕಿಲ್ಲ. ಹತ್ತು ಸಾವಿರ ಸಲಕ್ಕೆ ನಡುವೂ ನೋಯುತ್ತದೆ, ಉಸಿರೂ ಕೆಡುತ್ತದೆ. ಆದ್ದರಿಂದ ವೆಸ್ಟಿನಲ್ಲಿ ಭಾರ ಎರಡು ಭುಜದೆಲುಬುಗಳ ನಡುವೆ, ಎತ್ತರದಲ್ಲಿ, ಮೈಗೆ ಅಂಟಿಕೊಂಡು ಇರುತ್ತದೆ. ಚೀಲದ ತಳ ಸೊಂಟದವರೆಗೆ ಇಳಿದಿದ್ದರೆ ಅದು ನಡೆಯುವವರ ಚೀಲ.

ನೀರನ್ನು ಬೆನ್ನಿಗೇರಿಸಿ ನಳಿಕೆಯಿಂದ ಹೀರುವ ಈಗಿನ ಏರ್ಪಾಡು ಶುರುವಾದದ್ದು ಸೈಕಲ್ಲಿನ ಮೇಲೆ. 1988ರಲ್ಲಿ ಅಮೆರಿಕದ ಟೆಕ್ಸಾಸಿನ ಬಿರುಬಿಸಿಲಿನಲ್ಲಿ ನಡೆದ ನೂರು ಮೈಲಿಯ ಸೈಕಲ್ ಸವಾರಿಗೆ ಮೈಕಲ್ ಐಡ್ಸನ್ ಎಂಬ ತುರ್ತು ಚಿಕಿತ್ಸಾ ಸಹಾಯಕ ಆಸ್ಪತ್ರೆಯ ಸಲೈನ್ ಚೀಲಕ್ಕೆ ನೀರು ತುಂಬಿ, ಉದ್ದನೆಯ ಕಾಲುಚೀಲದೊಳಗೆ ತೂರಿಸಿ, ಅದನ್ನು ಅಂಗಿಯ ಬೆನ್ನಿಗೆ ಹೊಲಿದುಕೊಂಡ. ನಳಿಕೆ ಹೆಗಲ ಮೇಲಿಂದ ಎದೆಗೆ ಬಂದಿತ್ತು. ಅದರ ಬಾಯಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು. ಅದೇ ಮುಂದೆ ಕ್ಯಾಮಲ್‌ಬ್ಯಾಕ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು. ಬೆಟ್ಟದ ಓಟಗಾರರು ಅದನ್ನು ಎತ್ತಿಕೊಂಡು, ಪಟ್ಟಿಗಳನ್ನು ಅಗಲ ಮಾಡಿ, ಎದೆಯ ಮೇಲೂ ಜೇಬು ಇಟ್ಟು, ಮೈಗಂಟುವ ಅಂಗಿಯನ್ನಾಗಿ ಮಾಡಿಕೊಂಡರು.

ಎಲ್ಲ ಓಟಕ್ಕೂ ವೆಸ್ಟ್ ಬೇಡ. ಕೂಡ್ಲಿಗಿ, ಹರಪನಹಳ್ಳಿ, ಕೊಟ್ಟೂರಿನ ಮೈದಾನಗಳಲ್ಲಿ ಪೊಲೀಸ್ ಭರ್ತಿಗೆ ತಯಾರಾಗುವ ಹುಡುಗರ ಗುರಿ 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸುವುದು. ಅಲ್ಲಿ ಮೈಮೇಲಿನ ಬನಿಯನ್ನೂ ಹೆಚ್ಚೇ. ಒಂದು ಗಂಟೆಯ ಓಟಕ್ಕೆ ಬಿಸಿಲಿಲ್ಲದಿದ್ದರೆ ಕೈಯಲ್ಲೊಂದು ಬಾಟಲಿ ಸಾಕು. ಒಂದೂವರೆ, ಎರಡು ಗಂಟೆ ದಾಟಿ, ನಡುವೆ ನೀರು ಸಿಗದ ಹಾದಿಯಾದರೆ ಮಾತ್ರ ವೆಸ್ಟಿನ ಪ್ರಶ್ನೆ ಏಳುತ್ತದೆ. ಎಷ್ಟು ಕಿಲೋಮೀಟರ್ ಎನ್ನುವುದಕ್ಕಿಂತ ಒಂದು ನೀರಿನ ತಾವಿನಿಂದ ಇನ್ನೊಂದಕ್ಕೆ ಎಷ್ಟು ಹೊತ್ತು ಎನ್ನುವುದು ಇಲ್ಲಿ ಮುಖ್ಯ. ಕೊಟ್ಟೂರೇಶ್ವರನ ತೇರಿಗೆ ದಾವಣಗೆರೆಯ ಕಡೆಯಿಂದ ಪಾದಯಾತ್ರೆ ಬರುವ ಭಕ್ತರು ಹಗಲು ರಾತ್ರಿ ನಡೆದರೂ ಹೆಚ್ಚಿನ ಹೊರೆ ಹೊರುವುದಿಲ್ಲ. ದಾರಿಯುದ್ದಕ್ಕೂ ಊರಿನವರು ನೀರು, ಮಜ್ಜಿಗೆ, ಪ್ರಸಾದ ಹಿಡಿದು ನಿಂತಿರುತ್ತಾರೆ. ಅರವಟ್ಟಿಗೆ ಇರುವಲ್ಲಿ ಚೀಲ ಚಿಕ್ಕದಾಗುತ್ತದೆ. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ 2016ರಿಂದ ನಡೆಯುತ್ತಿರುವ ಮಲ್ನಾಡ್ ಅಲ್ಟ್ರಾದಂಥ ಓಟಗಳಲ್ಲೂ ಸಂಘಟಕರು ದಾರಿಯಲ್ಲಿ ನೀರು, ತಿಂಡಿಯ ಠಾಣ್ಯ ಹಾಕುವುದರಿಂದ, ಓಡುವವರು ಹೊರಬೇಕಾದದ್ದು ಎರಡು ಠಾಣ್ಯಗಳ ನಡುವಿನ ಪಾಲನ್ನು ಮಾತ್ರ.

ಈ ಲೆಕ್ಕ ಹಡಗಲಿ, ಹರಪನಹಳ್ಳಿ, ಕೂಡ್ಲಿಗಿಗಳಿರುವ ಒಂದೇ ಜಿಲ್ಲೆಯೊಳಗೂ ಬದಲಾಗುತ್ತದೆ. ಹಡಗಲಿ ತಾಲ್ಲೂಕಿನ ಮಾಗಳ, ಮೈಲಾರದ ಕಡೆ ತುಂಗಭದ್ರೆಯ ದಂಡೆ. ನೆಲ ಸಮತಟ್ಟು, ಊರಿಗೂ ಊರಿಗೂ ಹೆಚ್ಚು ದೂರವಿಲ್ಲ, ಹೋಟೆಲ್ಲೋ ನಲ್ಲಿಯೋ ಸಿಕ್ಕೇ ಸಿಗುತ್ತದೆ. ಅಲ್ಲಿ ಅರ್ಧ ಲೀಟರಿನ ಒಂದು ಬಾಟಲಿ ಹೊತ್ತವರೂ ಬಾಯಾರದೆ ಓಡಬಹುದು. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗ ಕೋಟೆಬೆಟ್ಟ. ಏರು ಕಡಿದಾದರೂ ಮೇಲೆ ಯಲ್ಲಮ್ಮನ ಗುಡಿಯಿದೆ, ಜನರ ಓಡಾಟವಿದೆ. ಅದೇ ಕೂಡ್ಲಿಗಿಯ ಪೂರ್ವಕ್ಕೆ, ಗುಡೇಕೋಟೆಯ ಸೀಮೆಗೆ ಹೋದರೆ ಹೆಬ್ಬಂಡೆಗಳ ಗುಡ್ಡ, ಮುಳ್ಳುಕಂಟಿ, ಒಣಗಿದ ಹಳ್ಳ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯ ನಾಡು. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಹಗಲೆಲ್ಲ ಕಾದ ಬಂಡೆ ಸಂಜೆಯಲ್ಲೂ ಝಳ ಬಿಡುತ್ತದೆ. ಇಂಥಲ್ಲಿ ಕುರಿ ಕಾಯುವವರು ತಮ್ಮ ನೀರನ್ನು ತಾವೇ ಒಯ್ಯುತ್ತಾರೆ. ಓಡುವವರಿಗೂ ಬೇರೆ ದಾರಿಯಿಲ್ಲ.

ಬಿಸಿಲಿನಲ್ಲಿ ಓಡುವ ಮೈ ಗಂಟೆಗೆ ಒಂದು ಲೀಟರ್, ಕೆಲವರಲ್ಲಿ ಅದಕ್ಕೂ ಮಿಗಿಲು ಬೆವರು ಸುರಿಸುತ್ತದೆ. ಅಷ್ಟನ್ನೂ ಓಡುತ್ತಲೇ ಕುಡಿದು ತುಂಬಿಸುವುದು ಆಗದ ಮಾತು. ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ಹೆಚ್ಚಿನವರ ಹೊಟ್ಟೆ ತಾಳುವ ಪ್ರಮಾಣ. ಬರಿ ನೀರನ್ನೇ ಮಿತಿಮೀರಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಪ್ರಾಣಕ್ಕೇ ಕುತ್ತು ಬರುವುದುಂಟು. ಮೂರು ಗಂಟೆ ನೀರು ಸಿಗದ ಗುಡ್ಡಕ್ಕೆ ಎರಡು ಲೀಟರ್ ಹೊರಬೇಕೆಂದು ಲೆಕ್ಕ ಬಂದರೆ, ಅದು ಎರಡು ಕಿಲೋ ಭಾರ. ವೆಸ್ಟಿನ ತೂಕದಲ್ಲಿ ಐವತ್ತು ಗ್ರಾಂ ಉಳಿಸಲು ದುಪ್ಪಟ್ಟು ಹಣ ತೆರುವವರು ಈ ಎರಡು ಕಿಲೋವನ್ನು ಮರೆತಿರುತ್ತಾರೆ. ಹಗುರ ಚೀಲ ಆರಿಸುವ ಕೆಲಸ ಹೆಚ್ಚಿನಂಶ ನೀರನ್ನು ಅಳೆಯುವ ಕೆಲಸ. ನೀರು ಗೊತ್ತಾದರೆ ವೆಸ್ಟಿನ ಗಾತ್ರ ತಾನಾಗಿ ಗೊತ್ತಾಗುತ್ತದೆ.

ನೀರು ಹೊರುವ ಬಗೆ ಎರಡು. ಎದೆಯ ಎರಡು ಜೇಬುಗಳಲ್ಲಿ ಅರ್ಧರ್ಧ ಲೀಟರಿನ ಮೆತ್ತನೆಯ ಬಾಟಲಿ ಇಡುವುದು ಒಂದು. ಇವನ್ನು ಸಾಫ್ಟ್ ಫ್ಲಾಸ್ಕ್ ಎನ್ನುತ್ತಾರೆ. ಕುಡಿದಂತೆಲ್ಲ ಕುಗ್ಗುವುದರಿಂದ ಒಳಗೆ ನೀರು ಕುಲುಕುವುದಿಲ್ಲ. ಎಷ್ಟು ಉಳಿಯಿತೆಂದು ಕಣ್ಣಿಗೆ ಕಾಣುತ್ತದೆ, ನಲ್ಲಿ ಸಿಕ್ಕಲ್ಲಿ ಬೇಗ ತುಂಬಿಕೊಳ್ಳಬಹುದು, ಒಂದರಲ್ಲಿ ಉಪ್ಪುಸಕ್ಕರೆಯ ನೀರು ಇನ್ನೊಂದರಲ್ಲಿ ಬರಿ ನೀರು ಇಡಬಹುದು. ಔಷಧಿ ಅಂಗಡಿಯಲ್ಲಿ ಸಿಗುವ ಒಂದು ಲೀಟರಿನ ಓಆರ್‌ಎಸ್ ಪೊಟ್ಟಣ ಎರಡು ಬಾಟಲಿಗೆ ಸರಿಹೋಗುತ್ತದೆ. ಅರ್ಧ ಬಾಟಲಿಗೆ ಇಡೀ ಪೊಟ್ಟಣ ಸುರಿದು ಗಟ್ಟಿ ಮಾಡುವುದು ತಪ್ಪು. ಎರಡನೆಯ ಬಗೆ, ಬೆನ್ನಿನ ಅರೆಯಲ್ಲಿ ಒಂದೂವರೆ ಅಥವಾ ಎರಡು ಲೀಟರಿನ ಬ್ಲಾಡರ್ ಎಂಬ ನೀರುಚೀಲ ಇಟ್ಟು ನಳಿಕೆಯಿಂದ ಹೀರುವುದು. ಹೆಚ್ಚು ನೀರಿಗೆ ಇದೇ ಸರಿ, ಆದರೆ ಎಷ್ಟು ಮುಗಿಯಿತೆಂದು ತಿಳಿಯುವುದು ಕೊನೆಯ ಗುಟುಕು ಬಂದಾಗ. ತುಂಬಿದ ಮೇಲೆ ಅದನ್ನು ತಲೆಕೆಳಗು ಮಾಡಿ ಒಳಗಿನ ಗಾಳಿಯನ್ನು ನಳಿಕೆಯಿಂದ ಹೀರಿ ತೆಗೆಯದಿದ್ದರೆ ದಾರಿಯುದ್ದಕ್ಕೂ ಕುಲುಕುತ್ತದೆ. ಬಯಲುಸೀಮೆಯ ಬಿಸಿಲಿನಲ್ಲಿ ನಳಿಕೆಯೊಳಗೆ ನಿಂತ ನೀರು ಕಾದುಬಿಡುತ್ತದೆ. ಕುಡಿದಾದ ಮೇಲೆ ಒಮ್ಮೆ ಊದಿ ಅದನ್ನು ಬ್ಲಾಡರಿಗೆ ಹಿಂದೆ ತಳ್ಳಿದರೆ ಮುಂದಿನ ಗುಟುಕು ಬಾಯಿ ಸುಡುವುದಿಲ್ಲ. ಗುಡೇಕೋಟೆಯಂಥ ಕಡೆಗೆ ಎರಡೂ ಬಗೆಗೆ ಜಾಗವಿರುವ ವೆಸ್ಟ್ ಉತ್ತಮ: ಮುಂದೆ ಒಂದು ಲೀಟರ್, ಹಿಂದೆ ಒಂದು ಲೀಟರ್ ಇದ್ದರೆ ಎದೆಯೂ ಬೆನ್ನೂ ಸಮತೂಕದಲ್ಲಿರುತ್ತವೆ.

ನೀರಾದ ಮೇಲೆ ಉಳಿದ ಸಾಮಾನು. ಆಲ್ಪ್ಸ್ ಪರ್ವತದಲ್ಲಿ 2003ರಿಂದ ನಡೆಯುವ, ಮೋಂಟ್ ಬ್ಲಾಂಕ್ ಸುತ್ತಿ ಬರುವ ಸುಮಾರು 170 ಕಿಲೋಮೀಟರಿನ ಓಟದಲ್ಲಿ ಕಡ್ಡಾಯ ಸಾಮಾನಿನ ಪಟ್ಟಿಯೇ ಇದೆ: ಕನಿಷ್ಠ ಒಂದು ಲೀಟರ್ ನೀರು, ಹಣೆಗೆ ಕಟ್ಟುವ ಟಾರ್ಚ್, ಮೈಬಿಸಿ ಕಾಯುವ ತೆಳು ಹೊದಿಕೆ, ಸೀಟಿ, ಗಾಯಕ್ಕೆ ಸುತ್ತುವ ಪಟ್ಟಿ, ತಲೆಮುಚ್ಚುವ ಮಳೆ ಜಾಕೆಟ್, ಮೊಬೈಲ್, ತಿನಿಸು. ಇಷ್ಟಕ್ಕೆ 10, 12 ಲೀಟರಿನ ವೆಸ್ಟ್ ಬೇಕು. ಇಲ್ಲಿನವರು ಆ ಪಟ್ಟಿಯನ್ನು ಹಾಗೇ ನಕಲು ಮಾಡಬೇಕಾಗಿಲ್ಲ. ತಮ್ಮ ಬೆಟ್ಟ ಏನು ಕೇಳುತ್ತದೆಂದು ನೋಡಿಕೊಂಡರೆ ಸಾಕು. 1,712 ಮೀಟರಿನ ಕುಮಾರಪರ್ವತಕ್ಕೋ 1,930 ಮೀಟರಿನ ಮುಳ್ಳಯ್ಯನಗಿರಿಗೋ ಹೋಗುವವರಿಗೆ ಮಳೆ, ಮಂಜು, ಗಾಳಿಯ ಭಯ. ಅಲ್ಲಿ ಜಾಕೆಟ್ ಮೊದಲು. ಕೂಡ್ಲಿಗಿಯ ಗುಡ್ಡದಲ್ಲಿ ಜಾಕೆಟ್ಟಿನ ಜಾಗಕ್ಕೆ ಇನ್ನರ್ಧ ಲೀಟರ್ ನೀರು, ತಲೆಗೊಂದು ಟೊಪ್ಪಿಗೆ, ಕುತ್ತಿಗೆಗೆ ಒದ್ದೆ ಮಾಡಿ ಸುತ್ತಲು ಒಂದು ಟವೆಲ್ಲು. ಟಾರ್ಚ್, ಸೀಟಿ, ಮೊಬೈಲ್ ಎರಡೂ ಕಡೆಗೆ ಬೇಕು. ಎಷ್ಟೋ ವೆಸ್ಟುಗಳ ಎದೆಪಟ್ಟಿಯಲ್ಲೇ ಸೀಟಿ ಇರುತ್ತದೆ. ಗುಡೇಕೋಟೆಯಲ್ಲಿ ಕರಡಿಧಾಮವಿದೆ, ಅನುಮತಿಯಿಲ್ಲದೆ ಧಾಮದೊಳಗೆ ಓಡುವಂತಿಲ್ಲ. ಧಾಮದ ಹೊರಗೂ ಬೆಳಗಿನ ಜಾವ, ಮುಸ್ಸಂಜೆ ಕರಡಿ ಓಡಾಡುವ ಹೊತ್ತು, ಹತ್ತಿರದಲ್ಲಿ ಗಾಬರಿಯಾದರೆ ಮೇಲೆರಗುವ ಪ್ರಾಣಿ ಅದು. ಓಟಗಾರರು ತಂಪು ಹೊತ್ತೆಂದು ಆರಿಸುವುದೂ ಅದೇ ಹೊತ್ತನ್ನು. ಹಾಗಾಗಿ ಅಲ್ಲಿ ಬೆಳಕು ಹರಿದ ಮೇಲೆ, ಒಬ್ಬರಿಗಿಂತ ಹೆಚ್ಚು ಮಂದಿ, ಸದ್ದು ಮಾಡುತ್ತ ಹೋಗುವುದು ಕ್ಷೇಮ.

ತಿನಿಸಿನ ಜೇಬು ಮುಂದೆ, ಓಡುತ್ತಲೇ ಕೈಗೆ ಸಿಗುವಲ್ಲಿ ಇರಬೇಕು. ಚೀಲ ಕಳಚಿ ತೆಗೆಯಬೇಕಾದ ತಿನಿಸು ಹೆಚ್ಚಾಗಿ ಚೀಲದಲ್ಲೇ ಉಳಿದು ಮನೆಗೆ ಮರಳುತ್ತದೆ. ಉದ್ದ ಓಟಕ್ಕೆ ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ ಬೇಕೆಂಬುದು ಸಾಮಾನ್ಯ ಲೆಕ್ಕ. ಆಮದಾದ ಒಂದು ಜೆಲ್ ಪೊಟ್ಟಣದಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಒಂದು ಸಣ್ಣ ಅಚ್ಚು ಬೆಲ್ಲವೋ ನಾಲ್ಕೈದು ಖರ್ಜೂರವೋ ಅಷ್ಟನ್ನು ಕೊಡುತ್ತವೆ. ಶೇಂಗಾ ಬೆಳೆಯುವ ಈ ಸೀಮೆಯ ಚಿಕ್ಕಿ ರುಚಿಯಲ್ಲಿ ಮುಂದು, ಆದರೆ ಶೇಂಗಾದ ಎಣ್ಣೆ ಜೀರ್ಣವಾಗಲು ಹೊತ್ತು ಹಿಡಿಯುವುದರಿಂದ ಅದು ನಿಧಾನದ ಏರಿಗೆ ಸರಿ, ಜೋರು ಓಟಕ್ಕಲ್ಲ.

ಗಾತ್ರ ತೀರ್ಮಾನವಾದ ಮೇಲೆ ಮೈಗೆ ಹೊಂದಿಸುವ ಕೆಲಸ. ಹೆಗಲಿಗೆ ಕೂರದ ನೊಗ ಎತ್ತಿನ ಕುತ್ತಿಗೆಯನ್ನು ಕೆತ್ತುವಂತೆ ಅಳತೆ ತಪ್ಪಿದ ವೆಸ್ಟ್ ಕತ್ತಿನ ಬುಡ, ಕಂಕುಳು, ಬೆನ್ನುಮೂಳೆಯ ಮೇಲೆ ಚರ್ಮ ಸುಲಿಯುತ್ತದೆ. ಅಂಗಿಯ ಅಳತೆ ನಂಬಬಾರದು. ಕಂಕುಳ ಕೆಳಗೆ ಟೇಪು ಸುತ್ತಿ ಎದೆಸುತ್ತಳತೆ ತೆಗೆದು ಆಯಾ ಕಂಪನಿಯ ಕೋಷ್ಟಕದೊಂದಿಗೆ ಹೋಲಿಸಬೇಕು. ಎರಡು ಅಳತೆಗಳ ನಡುವೆ ಬಿದ್ದವರಿಗೆ ಚಿಕ್ಕದೇ ಹೆಚ್ಚಾಗಿ ಕೂಡಿಬರುತ್ತದೆ, ಏಕೆಂದರೆ ಬೆವರಿಗೂ ಭಾರಕ್ಕೂ ಬಟ್ಟೆ ಹಿಗ್ಗುತ್ತದೆ. ಎದೆಯ ಮೇಲೆ ಎರಡು ಅಡ್ಡಪಟ್ಟಿ ಇದ್ದು, ಅವು ಮೇಲೆ ಕೆಳಗೆ ಸರಿಯುವಂತಿದ್ದರೆ ಒಳ್ಳೆಯದು. ಹೆಂಗಸರಿಗೆಂದು ಬೇರೆ ಕಟ್ಟಿನಲ್ಲಿ ಹೊಲಿದವು ಸಿಗುತ್ತವೆ: ಪಟ್ಟಿಗಳು ಸ್ತನಗಳ ಮೇಲೆ ಮತ್ತು ಕೆಳಗೆ ಹಾಯುತ್ತವೆ, ಬಾಟಲಿಯ ಜೇಬು ಎದೆಯನ್ನು ಒತ್ತದ ಜಾಗದಲ್ಲಿರುತ್ತದೆ. ಪಟ್ಟಿ ಬಿಗಿದ ಮೇಲೂ ಪೂರ್ತಿ ಉಸಿರು ಎಳೆಯಲು ಆಗಬೇಕು. ಏರಿನಲ್ಲಿ ಏದುಸಿರು ಬರುವಾಗ ಪಟ್ಟಿಯ ಎಲಾಸ್ಟಿಕ್ ಹಿಗ್ಗಿಕೊಡಬೇಕು.

ಖಾಲಿ ವೆಸ್ಟ್ ಎಲ್ಲರ ಮೈಗೂ ಹೊಂದುತ್ತದೆ. ಆದ್ದರಿಂದ ಅಂಗಡಿಯಲ್ಲೇ ಬಾಟಲಿಗಳಿಗೆ ನೀರು ತುಂಬಿಸಿ, ಮೊಬೈಲ್ ಇಟ್ಟು, ಮೆಟ್ಟಿಲು ಹತ್ತಿ ಇಳಿದು, ಕುಣಿದು, ಬಗ್ಗಿ ನೋಡಬೇಕು. ಇಳಿಯುವಾಗ ಬಾಟಲಿ ಗದ್ದಕ್ಕೆ ಬಡಿಯುತ್ತದೆಯೇ, ತೋಳು ಬೀಸಿದಾಗ ಮೊಣಕೈ ಜೇಬಿಗೆ ತಾಗುತ್ತದೆಯೇ, ಬಾಟಲಿ ತೆಗೆದು ಮತ್ತೆ ತುರುಕಲು ಒಂದೇ ಕೈ ಸಾಕೇ ಎನ್ನುವುದು ಆಗ ಗೊತ್ತಾಗುತ್ತದೆ. ಆನ್‌ಲೈನಿನಲ್ಲಿ ತರಿಸಿದರೆ ಹಿಂದಿರುಗಿಸುವ ಅವಕಾಶವಿದೆಯೇ ಎಂದು ಮೊದಲೇ ನೋಡಿ, ಬೆವರು ಹತ್ತುವ ಮುನ್ನ ಮನೆಯೊಳಗೇ ಈ ಪರೀಕ್ಷೆ ಮುಗಿಸಬೇಕು.

ಬಟ್ಟೆಯಲ್ಲಿ ಬೆನ್ನಿಗೆ ತಾಗುವ ಪದರ ಬಲೆಯಂತಿದ್ದರೆ ಗಾಳಿಯಾಡುತ್ತದೆ, ಬೆವರು ಬೇಗ ಆರುತ್ತದೆ. ಅಂಚುಗಳಲ್ಲಿ ಹೊಲಿಗೆ ಎದ್ದಿರಬಾರದು. ಬೆವರು ಒಣಗಿ ಉಳಿದ ಉಪ್ಪು ಆ ಅಂಚಿನಲ್ಲಿ ಕೂತು ಗರಗಸವಾಗುತ್ತದೆ. ಉಜ್ಜುವ ಜಾಗಕ್ಕೆ ಓಟಕ್ಕೆ ಮುಂಚೆ ವ್ಯಾಸಲೀನ್ ಹಚ್ಚಬೇಕು. ತೋಳಿಲ್ಲದ ಬನಿಯನ್ನಿಗಿಂತ ಹೆಗಲು ಮುಚ್ಚುವ ಅಂಗಿಯ ಮೇಲೆ ವೆಸ್ಟ್ ತೊಡುವುದು ಮೇಲು. ಹಗುರ ವೆಸ್ಟುಗಳು ಮಳೆಯನ್ನೂ ಬೆವರನ್ನೂ ತಡೆಯುವುದಿಲ್ಲ. ಮೊಬೈಲು, ದುಡ್ಡು, ಒಣಬಟ್ಟೆಯನ್ನು ಬಾಯಿ ಮುಚ್ಚುವ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಆಮೇಲೆ ಒಳಗಿಡಬೇಕು.

ಬೆಲೆಯಲ್ಲಿ ದೊಡ್ಡ ಅಂತರವಿದೆ: ಕೆಲವು ಸಾವಿರಕ್ಕೆ ಸಿಗುವವೂ ಇವೆ, ಹತ್ತು ಸಾವಿರ ದಾಟುವ ವಿದೇಶಿ ಹೆಸರಿನವೂ ಇವೆ. ಹೆಚ್ಚು ಬೆಲೆಗೆ ಸಿಗುವುದು ತೆಳು ಬಟ್ಟೆ, ನಯವಾದ ಅಂಚು, ಒಂದಷ್ಟು ಹೆಚ್ಚಿನ ಜೇಬು. ಮೈಗೆ ಸರಿಯಾಗಿ ಕೂತ ಅಗ್ಗದ್ದು ಸರಿಯಾಗಿ ಕೂರದ ದುಬಾರಿಗಿಂತ ಯಾವಾಗಲೂ ಹಗುರ ಅನ್ನಿಸುತ್ತದೆ. ಮೊದಲ ಸಲ ಕೊಳ್ಳುವವರಿಗೆ, ಬಯಲುಸೀಮೆಯ ಎರಡು ಮೂರು ಗಂಟೆಯ ಓಟಕ್ಕೆ, ಎರಡು ಬಾಟಲಿಯ ಜೊತೆ ಬ್ಲಾಡರಿಗೂ ಅರೆಯಿರುವ 5ರಿಂದ 8 ಲೀಟರಿನ ವೆಸ್ಟ್ ಸಾಕು. ಅದಕ್ಕಿಂತ ದೊಡ್ಡದನ್ನು ತಂದರೆ ಖಾಲಿ ಉಳಿದ ಜಾಗದಲ್ಲಿ ಬೇಡದ ಸಾಮಾನು ಬಂದು ಕೂರುತ್ತದೆ.

ತಂದ ಮೇಲಿನ ಆರೈಕೆ ಕಷ್ಟದ್ದಲ್ಲ. ಓಟ ಮುಗಿದ ದಿನವೇ ಬಾಟಲಿ ತೆಗೆದು, ವೆಸ್ಟನ್ನು ತಣ್ಣೀರಿನಲ್ಲಿ ಕೈಯಿಂದ ಒಗೆದು ಉಪ್ಪು ಕಳೆಯಬೇಕು. ಬಿಸಿಲಿಗೆ ಹಾಕಿದರೆ ಬೇಗ ಒಣಗುತ್ತದೆ ನಿಜ, ನೈಲಾನೂ ಎಲಾಸ್ಟಿಕ್ಕೂ ಅಷ್ಟೇ ಬೇಗ ಬಲ ಕಳೆದುಕೊಳ್ಳುತ್ತವೆ. ನೆರಳಿನ ಗಾಳಿ ಸಾಕು. ಬಾಟಲಿ, ಬ್ಲಾಡರ್, ನಳಿಕೆ, ಕಚ್ಚಿ ಹೀರುವ ಅದರ ಬಾಯಿ ಇವುಗಳಲ್ಲಿ ಸಕ್ಕರೆ ನೀರು ಉಳಿದರೆ ಬೂಷ್ಟು ಹಿಡಿಯುತ್ತದೆ. ಅಡುಗೆ ಸೋಡ ಬೆರೆಸಿದ ಬೆಚ್ಚನೆ ನೀರಿನಲ್ಲಿ ತೊಳೆದು, ಬಾಯಿ ತೆರೆದು ತಲೆಕೆಳಗು ನೇತುಹಾಕಬೇಕು. ಎಲಾಸ್ಟಿಕ್ ಜೋಲಾಗಿ, ಪಟ್ಟಿಯನ್ನು ಕೊನೆಯವರೆಗೆ ಬಿಗಿದರೂ ಬಾಟಲಿ ಕುಣಿಯತೊಡಗಿದರೆ ಆ ವೆಸ್ಟಿನ ಓಟದ ಕೆಲಸ ಮುಗಿದಂತೆ. ಬೆಟ್ಟ ನಡೆಯುವವರಿಗೆ ಅದು ಇನ್ನೂ ಕೆಲವು ವರ್ಷ ಬರುತ್ತದೆ.