ಉಪ್ಪುನೀರು, ಹೀಟರು, ಅರ್ಥಿಂಗು



ದುರ್ಗದಬೈಲ್‌ನ ನಮ್ಮ ಬಾಡಿಗೆ ಮನೆಯಲ್ಲಿ 100 ಲೀಟರಿನ ಉಪ್ಪುನೀರಿನ ಅಕ್ವೇರಿಯಂ ಇದೆ. ಹೊರಗೆ ಮಿರ್ಚಿ-ಗಿರ್ಮಿಟ್ ಗಾಡಿಗಳ ಗದ್ದಲ, ಒಳಗೆ ಎರಡು ಕ್ಲೌನ್ ಮೀನು. 'ಹೋರಾಟ ಮಾಡೋರಿಗೆ ಇದೆಂಥಾ ಶೋಕಿ?' ಅಂತ ಕೇಳ್ತಾರ. ಯಾಕ, ನಮ್ಮ ಮನ್ಯಾಗ ಸಮುದ್ರ ಇರಬಾರದೇನ್ರೀ?

ಚಳಿಗಾಲ ಬಂತು, ಹೀಟರ್ ಬಗ್ಗೆ ಹೇಳ್ತೀನಿ. ನೀರು 25-26 ಡಿಗ್ರಿ ಇರಬೇಕು. ಅದಕ್ಕಿಂತ ಮುಖ್ಯ, ಹಗಲು-ರಾತ್ರಿ ಏರಿಳಿಯಬಾರದು. ಲೀಟರಿಗೆ ಒಂದು ವ್ಯಾಟ್ ಅನ್ನೋ ಲೆಕ್ಕ ಹುಬ್ಬಳ್ಳಿ ಚಳಿಗೆ ಧಾರಾಳ ಆಯ್ತು. ಆದರೆ 100 ವ್ಯಾಟಿನದು ಒಂದೇ ತಗೋಬ್ಯಾಡ್ರಿ, 50ರವು ಎರಡು ತಗೋರಿ. ಹೀಟರಿನ ಥರ್ಮೋಸ್ಟಾಟ್ ಕೆಟ್ಟಾಗ ಎಷ್ಟೋ ಸಲ ಆನ್ ಆಗಿಯೇ ಅಂಟಿಕೊಳ್ಳುತ್ತದೆ. ದೊಡ್ಡದು ಹಾಗಾದ್ರ ಬೆಳಗಾಗೋದ್ರೊಳಗ ಮೀನು ಬೆಂದಿರ್ತಾವ. ಸಣ್ಣದಾದರೆ ನೀರು ನಿಧಾನ ಕಾಯುತ್ತದೆ, ನಮಗೆ ಗೊತ್ತಾಗಲು ಹೊತ್ತು ಸಿಗುತ್ತದೆ. ಹೊರಗಿನಿಂದ ಒಂದು ಟೆಂಪರೇಚರ್ ಕಂಟ್ರೋಲರ್ ಕೂಡಿಸಿದರೆ ಇನ್ನೂ ಛಲೋ. ಪಂಪಿನ ನೀರು ಹರಿಯುವ ಕಡೆಗೇ ಹೀಟರ್ ಇಡಿ.

ಇನ್ನು ಕರೆಂಟು. ಉಪ್ಪುನೀರಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ. ಹೀಟರಿನ ಗಾಜು ಬಿರುಕು ಬಿಟ್ಟಾಗ ನೀರಿಗೆ ಕೈಹಾಕಿದರೆ ಜೀವಕ್ಕೇ ಕುತ್ತು. ನಮ್ಮ ಮನೆಯ ಪ್ಲಗ್ಗಿಗೆ ಅರ್ಥಿಂಗೇ ಇರಲಿಲ್ಲ. ಮಾಲೀಕರನ್ನ ಕೇಳಿದ್ರ 'ನಿಮ್ಮಂಥೋರಿಗೆ ಮನಿ ಕೊಟ್ಟಿದ್ದ ದೊಡ್ಡದು' ಅಂದ್ರು. ಊರೂರು ತಿರುಗಿ ಈ ಮಾತಿನ ವಿರುದ್ಧ ಭಾಷಣ ಮಾಡೋನಿಗೆ ಅದು ಸ್ವಂತ ಬಾಗಿಲಲ್ಲೇ ಸಿಕ್ತು. ಉತ್ತರ ಕೊಟ್ಟೇ ಬಂದೆ, ಅದನ್ನಿಲ್ಲಿ ಬರೆಯೋದಿಲ್ಲ. ಆಮೇಲೆ ನನ್ನ ರೊಕ್ಕದಾಗ ಅರ್ಥಿಂಗ್, ಇಎಲ್‌ಸಿಬಿ ಎರಡೂ ಹಾಕಿಸಿದೆ. ಮೀನಿಲ್ಲದಿದ್ದರೂ ಅವು ಮನೆಗೆ ಬೇಕಾದವೇ, ನನ್ನ ಮಗಳು ಅದೇ ಪ್ಲಗ್ ಮುಟ್ಟತಾಳ.

ವೈರ್ ಪ್ಲಗ್ಗಿಗಿಂತ ಕೆಳಗೆ ಜೋತುಬಿದ್ದು ಮೇಲೇರಲಿ, ಹನಿ ಅಲ್ಲೇ ಉದುರುತ್ತದೆ. ನೀರು ಬದಲಿಸುವ ಮೊದಲು ಪ್ಲಗ್ ತೆಗೆದು 15 ನಿಮಿಷ ಬಿಡ್ರಿ. ಕಾದ ಗಾಜು ನೀರಿನಿಂದ ಹೊರಬಂದರೆ ಒಡೆಯುತ್ತೆ.