ಬಜ್ಪೆಯಲ್ಲಿ ವಿಮಾನಕ್ಕೊಂದು ಜಾಗ

ಪಿಎಚ್‌ಡಿ ಯಾವುದರ ಮೇಲೆ ಎಂದು ಕೇಳಿದವರಿಗೆ "ವಿಮಾನಗಳಿಗೆ ಪಾರ್ಕಿಂಗ್ ಹುಡುಕುವುದು" ಎನ್ನುತ್ತೇನೆ. "ಅದಕ್ಕೆ ಐದು ವರ್ಷ ಬೇಕಾ?" ಎಂಬುದು ಮುಂದಿನ ಪ್ರಶ್ನೆ.

ಮೇಲ್ನೋಟಕ್ಕೆ ಇದು ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದ ಲೆಕ್ಕವೇ. ಎರಡು ವಿಮಾನಗಳ ಹೊತ್ತು ಒಂದರ ಮೇಲೊಂದು ಬಿದ್ದರೆ ಎರಡಕ್ಕೂ ಒಂದೇ ಗೇಟು ಕೊಡುವಂತಿಲ್ಲ. ಗೇಟುಗಳೆಲ್ಲ ಒಂದೇ ತರಹ ಇದ್ದರೆ, ಒಂದೇ ಸಲ ಹೆಚ್ಚೆಂದರೆ ಎಷ್ಟು ವಿಮಾನಗಳು ನಿಂತಿರುತ್ತವೋ ಅಷ್ಟು ಗೇಟು ಸಾಕು. ಬಂದಂತೆ ಖಾಲಿ ಜಾಗಕ್ಕೆ ಕಳಿಸಿದರಾಯಿತು. ಆದರೆ ಕೆಲವಕ್ಕೆ ಏರೋಬ್ರಿಜ್ ಇದೆ, ಉಳಿದವಕ್ಕೆ ಮೆಟ್ಟಿಲು. ದೊಡ್ಡ ನಿಲ್ದಾಣಗಳಲ್ಲಿ ವಿಮಾನ ಬದಲಿಸುವವರೂ ಇರುತ್ತಾರೆ. ಅವರ ನಡಿಗೆ ಎರಡು ವಿಮಾನಗಳ ಗೇಟನ್ನೂ ಅವಲಂಬಿಸಿರುತ್ತದೆ. ಕಾರ್ಖಾನೆಗಳನ್ನು ಎಲ್ಲೆಲ್ಲಿ ಇಡಬೇಕೆಂದು ಯೋಚಿಸುತ್ತ 1957ರಲ್ಲಿ ಕೂಪ್‌ಮನ್ಸ್ ಮತ್ತು ಬೆಕ್‌ಮನ್ ಮುಂದಿಟ್ಟ ಸಮಸ್ಯೆಯ ಬಂಧು ಇದು. 20 ವಿಮಾನಗಳನ್ನು 20 ಗೇಟುಗಳಿಗೆ ಹಂಚುವ ಬಗೆಗಳು ಸುಮಾರು 24ರ ಮುಂದೆ 17 ಸೊನ್ನೆ ಬರೆದಷ್ಟು. ಒಂದೊಂದಾಗಿ ನೋಡುತ್ತ ಕೂತರೆ ಕಂಪ್ಯೂಟರಿಗೂ ಆಯುಷ್ಯ ಸಾಲದು.

ನಮ್ಮ ಬಜ್ಪೆಯಲ್ಲಿ ಅಷ್ಟು ದಟ್ಟಣೆಯಿಲ್ಲ. ಇಲ್ಲಿನ ತಲೆನೋವು ಮಳೆ. 1951ರ ಡಿಸೆಂಬರ್ 25ರಂದು ನೆಹರೂ ಉದ್ಘಾಟಿಸಿದ ನಿಲ್ದಾಣ ಗುಡ್ಡದ ತಲೆ ಸವರಿ ಕಟ್ಟಿದ್ದು. 2006ರಲ್ಲಿ ಬಂದ 2,450 ಮೀಟರಿನ ರನ್‌ವೇ ಕೂಡ ಹಾಗೆಯೇ. ಆಟಿಯ ಮಳೆಗೆ ರನ್‌ವೇ ಕಾಣದಿದ್ದರೆ ವಿಮಾನ ಆಕಾಶದಲ್ಲೇ ಸುತ್ತುತ್ತದೆ, ಇಲ್ಲವೇ ಬೆಂಗಳೂರಿಗೋ ಕೊಚ್ಚಿಗೋ ಹೋಗುತ್ತದೆ. 2010ರ ಮೇ 22ರಂದು 158 ಜನರನ್ನು ಕಳೆದುಕೊಂಡ ಊರಿದು. ಇಳಿಯದೆ ಹೋದ ಪೈಲಟನ್ನು ಬೈಯಲು ನನಗಂತೂ ನಾಲಗೆ ಏಳುವುದಿಲ್ಲ. ಹಾಗಾಗಿ ತಡವಾಗುತ್ತದೆ ಎಂದಿಟ್ಟುಕೊಂಡೇ ಲೆಕ್ಕ ಶುರುಮಾಡುತ್ತೇನೆ. ಒಂದು ವಿಮಾನ ಹೊರಟು ಇನ್ನೊಂದು ಬರುವ ನಡುವೆ ಗೇಟನ್ನು ಬೇಕೆಂದೇ ಖಾಲಿ ಬಿಡುತ್ತೇನೆ. ಕಾಗದದ ಮೇಲೆ ಅದು ದಂಡ. ಮಳೆ ನಿಂತು ಎಲ್ಲವೂ ಒಟ್ಟಿಗೆ ಇಳಿದಾಗ ಉಳಿಸುವುದು ಅದೇ.

ನನ್ನನ್ನು ಹೆಚ್ಚು ಕಾಡಿದ್ದು ಬೇರೆ. ಪ್ರಯಾಣಿಕರ ಒಟ್ಟು ನಡಿಗೆ ಕನಿಷ್ಠವಾಗಬೇಕು ಎಂಬುದು ಬಹುತೇಕ ಪಠ್ಯಗಳ ಗುರಿ. ಕೂಡುವ ಲೆಕ್ಕಕ್ಕೆ ಎಲ್ಲರ ಮೊಣಕಾಲೂ ಒಂದೇ. ಮಗನ ಮನೆಗೆಂದು ದುಬೈಗೆ ಹೋಗಿ ಬರುವ ನಮ್ಮ ದೊಡ್ಡಮ್ಮ ಒಮ್ಮೆ ಕೇಳಿದರು: "ಅಷ್ಟು ಮೆಟ್ಟಿಲು ನಿನ್ನ ಲೆಕ್ಕದಲ್ಲಿ ಉಂಟಾ ಮಗಾ?"

ಇರಲಿಲ್ಲ; ಆ ಪಠ್ಯಗಳಲ್ಲೂ ಇಲ್ಲ. ಗಾಲಿಕುರ್ಚಿಯವರಿಗೆ ಹೆಚ್ಚು ತೂಕ ಕೊಡಬೇಕು, ಸರಿ. ಎಷ್ಟು? ಅದನ್ನು ಹೇಳುವ ಪ್ರಮೇಯವಿಲ್ಲ. ನಾನೇ ಕಟ್ಟಿಕೊಂಡ ಉದಾಹರಣೆಯಲ್ಲಿ ಏರೋಬ್ರಿಜ್ ಒಂದೇ. ಅಬುಧಾಬಿಯಿಂದ ಬಂದ ವಿಮಾನದಲ್ಲಿ ನಡೆಯುವವರು 170, ಗಾಲಿಕುರ್ಚಿಯವರು 2. ದುಬೈಯಿಂದ ಬಂದದ್ದರಲ್ಲಿ 130, 8. ಒಂದು ಗಾಲಿಕುರ್ಚಿಗೆ ಆರು ಜನರ ತೂಕವಿಟ್ಟರೆ 182ಕ್ಕೆ 178, ಅಬುಧಾಬಿ ಗೆಲ್ಲುತ್ತದೆ. ಏಳು ಇಟ್ಟರೆ 184ಕ್ಕೆ 186, ದುಬೈ. "ಈ ಏಳು ಎಲ್ಲಿಂದ ಬಂತು?" ಎಂದು ಗೈಡ್ ಕೇಳಿ ಮೂರು ವಾರವಾಯಿತು. ಪ್ರಬಂಧದಲ್ಲಿ ಇನ್ನೂ ಏಳೇ ಇದೆ.