ಮಕ್ಕಳ ಕೈಯ ಅಂತರ್ಜಾಲವೂ ಮನೆಯ ಆರೋಗ್ಯವೂ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳಲ್ಲಿ ಪಾಠ ಹೇಳಿ ನಿವೃತ್ತರಾಗಿರುವ ನಮ್ಮಲ್ಲಿಗೆ ಗೃಹಸ್ಥರು ಬಂದು, “ಮೇಷ್ಟ್ರೇ, ಮಕ್ಕಳ ಕೈಯಿಂದ ಮೊಬೈಲು ಬಿಡಿಸುವ ಉಪಾಯವೇನು?” ಎಂದು ಕೇಳುವುದುಂಟು. 2020ರಲ್ಲಿ ಕೋವಿಡ್ ನಿಮಿತ್ತ ಶಾಲೆಗಳು ಮುಚ್ಚಿದಾಗ ಪಾಠಕ್ಕೆಂದು ಮನೆಯನ್ನು ಹೊಕ್ಕ ಯಂತ್ರವು ಶಾಲೆ ತೆರೆದ ಮೇಲೂ ಹೊರಡಲಿಲ್ಲ. ಅದರಿಂದ ಕಣ್ಣಿಗೂ ನಿದ್ರೆಗೂ ಆಗುವ ಕೇಡನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದರಿಂದಲೇ ಮನೆಯ ಆರೋಗ್ಯವನ್ನು ಕಾಯಬಹುದೆಂಬುದನ್ನೂ ವಾಚಕರು ವಿಚಾರಮಾಡಬೇಕು.

ನಮ್ಮದು ಕಬ್ಬು ಬತ್ತಗಳ ಸೀಮೆ. ಗದ್ದೆಯ ಬದುವಿನಲ್ಲಿ ಕೊಳಕುಮಂಡಲದ ಭಯ ತಪ್ಪಿದುದಲ್ಲ. ಕರ್ನಾಟಕ ಸರ್ಕಾರವು 2024ರಲ್ಲಿ ಹಾವು ಕಡಿತದ ಪ್ರತಿಯೊಂದು ಪ್ರಸಂಗವನ್ನೂ ಆಸ್ಪತ್ರೆಗಳು ವರದಿಮಾಡತಕ್ಕದ್ದೆಂದು ವಿಧಿಸಿತು. ಕಳೆದ ಮಳೆಗಾಲದಲ್ಲಿ ನಮ್ಮ ಬಂಧುಗಳೊಬ್ಬರಿಗೆ ಕಬ್ಬಿನ ಗದ್ದೆಯಲ್ಲಿ ಹಾವು ಕಚ್ಚಿದಾಗ ನಾವೂ ಅಲ್ಲಿದ್ದೆವು. ಒಬ್ಬ ತರುಣನು ಮೊಬೈಲಿನಲ್ಲಿ ಕಂಡುದನ್ನು ನೆನೆದು, ಗಾಯವನ್ನು ಕೊಯ್ದು ವಿಷವನ್ನು ಹೀರಬೇಕೆಂದನು; ಹಿರಿಯರು ತೊಡೆಗೆ ಹಗ್ಗ ಬಿಗಿಯಲು ಮುಂದಾದರು. ಅವರ ಮೊಮ್ಮಗಳು, ಒಂಬತ್ತನೆಯ ತರಗತಿಯ ಹುಡುಗಿ, “ಬೇಡ ತಾತ, ಕಟ್ಟಬೇಡಿ, ಕೊಯ್ಯಬೇಡಿ, ಕಾಲು ಅಲುಗಿಸದೆ ಮಲಗಿಸಿ. ಮದ್ದು ಇರೋದು ಆಸ್ಪತ್ರೆಯಲ್ಲಿ” ಎಂದು ತಡೆದು 108ಕ್ಕೆ ಕರೆಮಾಡಿದಳು. ಅವಳೂ ಅದನ್ನು ಮೊಬೈಲಿನಲ್ಲಿಯೇ ಓದಿದ್ದಳು. ಆದರೆ ವೈದ್ಯರು ಬರೆದ ಪುಟದಲ್ಲಿ. ಪ್ರತಿವಿಷದ ಚುಚ್ಚುಮದ್ದು ಸಕಾಲದಲ್ಲಿ ದೊರೆತು, ಆ ಬಂಧುಗಳು ಈಗ ಮತ್ತೆ ಗದ್ದೆಗೆ ಹೋಗುತ್ತಿದ್ದಾರೆ.

ಯಂತ್ರವೊಂದೇ, ಉಪದೇಶವೆರಡು. ನ್ಯಾಯಶಾಸ್ತ್ರದಲ್ಲಿ ಗೌತಮನು ಶಬ್ದವನ್ನು ಪ್ರಮಾಣವೆಂದು ಒಪ್ಪುವಾಗ, ಅದು ಆಪ್ತನ ಮಾತಾಗಿರಬೇಕೆಂದು ಗೊತ್ತುಮಾಡಿದನು. ವಿಷಯವನ್ನು ಚೆನ್ನಾಗಿ ಅರಿತು, ಇದ್ದುದನ್ನು ಇದ್ದಂತೆಯೇ ತಿಳಿಸಬಯಸುವವನು ಆಪ್ತನು. ಮಕ್ಕಳಿಗೆ ನಾವು ಕಲಿಸತಕ್ಕದ್ದೂ ಇದೇ: ಹೇಳುವವರು ಯಾರು? ವೈದ್ಯರೋ, ಮದ್ದು ಮಾರುವವರೋ? ಯಾವಾಗ ಬರೆದುದು? ಬೇರೆ ವೈದ್ಯರೂ ಹಾಗೆಯೇ ಹೇಳುವರೇ?

ಮುಟ್ಟು, ಮನೋವ್ಯಥೆ ಮೊದಲಾದ ಸಂಗತಿಗಳನ್ನು ಹಿರಿಯರೊಡನೆ ಆಡಲು ನಾಚುವ ಮಕ್ಕಳು ಮೊಬೈಲನ್ನೇ ಕೇಳುವರು. ಅಲ್ಲಿ ಅವರಿಗೆ ಆಪ್ತರು ದೊರೆಯುವರೋ ವಂಚಕರು ದೊರೆಯುವರೋ ಎಂಬುದು ನಮ್ಮ ಶಿಕ್ಷಣವನ್ನು ಅವಲಂಬಿಸಿದೆ. ಮನಸ್ಸಿನ ಬೇಗೆಯನ್ನು ಹೇಳಿಕೊಳ್ಳಲು 2022ರಿಂದ ‘ಟೆಲಿ ಮಾನಸ್’ ಎಂಬ ಸರ್ಕಾರದ ಉಚಿತ ದೂರವಾಣಿ 14416 ಇರುವುದನ್ನು ಎಷ್ಟು ಮನೆಗಳಲ್ಲಿ ಮಕ್ಕಳಿಗೆ ತಿಳಿಸಿದ್ದೇವೆ?

ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ: ರಾತ್ರಿ ಮಲಗುವ ಹೊತ್ತಿಗೆ ಆ ಯಂತ್ರವು ನಡುಮನೆಯಲ್ಲಿರಲಿ, ಹಗಲು ಒಂದು ಗಳಿಗೆ ಮಕ್ಕಳ ಪಕ್ಕದಲ್ಲಿ ಕುಳಿತು, ಅವರು ಓದಿದುದನ್ನು ನಿಮಗೂ ಓದಿಹೇಳುವಂತೆ ಮಾಡಿರಿ.